ಬಿಲ್ಲಿಂಗ್ ಪ್ರೋಗ್ರಾಮ್ ಹ್ಯಾಂಗ್ ಆದ್ರೆ ಇನ್ಮುಂದೆ ತಾನೇ ಎದ್ದು ಬರ್ತದೆ: ನಮ್ಮ ಹೋಟೆಲ್ ಗ್ರಾಹಕರಿಗೆ ಒಂದು ಪತ್ರ

ಮುಂಬಯಿ, ಥಾಣೆ, ಡೊಂಬಿವಲಿ, ವಾಶಿ ಕಡೆ ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಇಟ್ಟುಕೊಂಡಿರುವ ಎಲ್ಲ ಹೋಟೆಲ್, ಮೆಸ್, ಕ್ಯಾಂಟೀನಿನ ಅಣ್ಣಂದಿರಿಗೂ ಅಕ್ಕಂದಿರಿಗೂ ನಮಸ್ಕಾರ.

ಬರುವ ಸೋಮವಾರ ರಾತ್ರಿಯಿಂದ ನಿಮ್ಮ ಕೌಂಟರಿನ ಕಂಪ್ಯೂಟರಿಗೆ ಒಂದು ಅಪ್‌ಡೇಟ್ ಬರ್ತದೆ. ಅದು ಬಂದ ಮೇಲೆ ಬಿಲ್ಲಿಂಗ್ ಪ್ರೋಗ್ರಾಮ್ ಎಲ್ಲಾದ್ರೂ ಹ್ಯಾಂಗ್ ಆಗಿ ನಿಂತ್ರೆ ಹೆಚ್ಚುಕಡಿಮೆ ಅರ್ಧ ನಿಮಿಷದಲ್ಲಿ ಕಂಪ್ಯೂಟರೇ ಅದನ್ನು ಮುಚ್ಚಿ ಪುನಃ ತೆರೀತದೆ, ನೀವು ನಮಗೆ ಫೋನ್ ಹಚ್ಚಿ ಕಾಯುವ ಕೆಲಸ ಇಲ್ಲ. ಸ್ಕ್ರೀನ್ ತನ್ನಷ್ಟಕ್ಕೆ ಮುಚ್ಚಿ ತೆರೆಯುದು ನೋಡಿ ಯಾರೂ ಗಾಬರಿ ಆಗ್ಬಾರ್ದು ಅಂತ ಈ ಪತ್ರ ಬರೀತಾ ಇದ್ದೇವೆ, ಸ್ವಲ್ಪ ಉದ್ದ ಉಂಟು, ಮಧ್ಯಾಹ್ನದ ರಶ್ ಇಳಿದ ಮೇಲೆ ಒಮ್ಮೆ ಪೂರ್ತಿ ಓದಿ, ಕ್ಯಾಶಿಗೆ ಕೂರುವ ಹುಡುಗನಿಗೂ ಓದಿ ಹೇಳಿ.

ಯಾಕೆ ಈ ಬದಲಾವಣೆ ಅಂತ ಮೊದಲು ಹೇಳ್ತೇವೆ. ಹೋದ ಮಳೆಗಾಲದ ಒಂದು ಆದಿತ್ಯವಾರ ಬೆಳಿಗ್ಗೆ ಒಂಬತ್ತೂವರೆಗೆ ಥಾಣೆಯ ನಮ್ಮ ಗ್ರಾಹಕರೊಬ್ಬರ ಫೋನ್ ಬಂತು, ಬಿಲ್ ಬರುದಿಲ್ಲ, ಪಾರ್ಸಲ್ ಕೌಂಟರಿನಲ್ಲಿ ಜನ ತುಂಬಿದ್ದಾರೆ, ಬೇಗ ಏನಾದ್ರೂ ಮಾಡಿ ಅಂತ. ನಾವು ಇಲ್ಲಿ ಆಫೀಸಿನ ಪ್ಯಾನೆಲ್ ತೆಗೆದು ನೋಡಿದ್ರೆ ಅವರ ಹೋಟೆಲಿನ ಎದುರು ಹಸಿರು ಚುಕ್ಕೆ, ರನ್ನಿಂಗ್ ಅಂತ ಬರ್ದಿದೆ. ಅಣ್ಣ, ಪ್ರೋಗ್ರಾಮ್ ಸರಿ ಉಂಟು, ನೀವು ಬಿಲ್ ಪ್ರಿಂಟರಿನ ವೈರ್ ನೋಡಿ ಅಂತ ಹೇಳಿದೆವು. ಅವರು ವೈರ್ ನೋಡಿದ್ರು, ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ರು, ರೋಲ್ ಬದಲಿಸಿದ್ರು, ಇಪ್ಪತ್ತೈದು ನಿಮಿಷ ಹೀಗೇ ಹೋಯ್ತು, ಅಷ್ಟು ಹೊತ್ತು ಅವರ ಮಗ ಕೆಓಟಿ (ಅಡಿಗೆಮನೆಗೆ ಹೋಗುವ ಆರ್ಡರ್ ಚೀಟಿ) ಕಾಗದದ ಹಿಂದೆ ಪೆನ್ನಿನಲ್ಲಿ ಲೆಕ್ಕ ಬರೆದು ಹಣ ತಗೊಳ್ತಾ ಇದ್ದ. ಕಡೆಗೆ ಗೊತ್ತಾದದ್ದು ಏನಂದ್ರೆ ಒಳಗೆ ಅಡಿಗೆಮನೆಯ ಕೆಓಟಿ ಪ್ರಿಂಟರಿನ ನೆಟ್‌ವರ್ಕ್ ಕೇಬಲ್ ಸಡಿಲ ಆಗಿತ್ತು, ನಮ್ಮ ಪ್ರೋಗ್ರಾಮ್ ಆ ಪ್ರಿಂಟರಿಂದ ಉತ್ತರ ಬರ್ಲಿ ಅಂತ ಕಾಯ್ತಾ ನಿಂತಿತ್ತು, ಎಷ್ಟು ಹೊತ್ತು ಕಾಯ್ಬೇಕು ಅನ್ನುವ ಮಿತಿಯನ್ನು ನಾವು ಅದಕ್ಕೆ ಕೊಟ್ಟೇ ಇರ್ಲಿಲ್ಲ. ಅದರ ಹಿಂದೆ ಬಿಲ್ಲು, ಟೇಬಲ್ಲು, ಪಾರ್ಸಲ್ಲು ಎಲ್ಲ ಸಾಲಾಗಿ ನಿಂತಿತ್ತು. ಹಸಿರು ಚುಕ್ಕೆ ಹೇಳಿದ್ದನ್ನು ನಾವು ನಂಬಿದೆವು, ಎದುರಿಗೆ ನಿಂತು ನೋಡ್ತಾ ಇದ್ದ ಮನುಷ್ಯರ ಮಾತನ್ನು ನಂಬ್ಲಿಲ್ಲ. ಅದು ನಮ್ಮದೇ ತಪ್ಪು, ಅವರ ಹತ್ರ ಕ್ಷಮೆ ಕೇಳಿದ್ದೇವೆ, ಕಾಯುವ ಮಿತಿಯನ್ನು ಅದೇ ವಾರ ಹಾಕಿದ್ದೂ ಆಯ್ತು. ಆದ್ರೆ ನಾಳೆ ಬೇರೆ ಯಾವುದೋ ಕಾರಣಕ್ಕೆ ನಿಲ್ಲುವುದಿಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ.

ಹಸಿರು ಚುಕ್ಕೆ ಸುಳ್ಳು ಯಾಕಾಯ್ತು ಅಂದ್ರೆ ಅದು ಕೇಳ್ತಾ ಇದ್ದದ್ದು ಒಂದೇ ಪ್ರಶ್ನೆ, ಪ್ರೋಗ್ರಾಮ್ ಇದ್ಯಾ ಇಲ್ವಾ ಅಂತ. ಕಾವಲಿ ಬಿಸಿ ಉಂಟು, ಗ್ಯಾಸ್ ಉರೀತಾ ಉಂಟು, ಭಟ್ರು ಕಾವಲಿ ಎದುರೇ ನಿಂತಿದ್ದಾರೆ, ಆದ್ರೆ ಸೌಟು ಕೈಯಲ್ಲಿ ಹಿಡ್ಕೊಂಡು ಅಲ್ಲಾಡ್ತಾ ಇಲ್ಲ, ದೋಸೆ ಒಂದೂ ಹೊರಗೆ ಬರ್ತಾ ಇಲ್ಲ. ಬಾಗಿಲಲ್ಲಿ ನಿಂತು ಭಟ್ರು ಇದ್ದಾರಾ ಅಂತ ಕೇಳಿದ್ರೆ ಇದ್ದಾರೆ ಅಂತಲೇ ಉತ್ತರ. ಕಂಪ್ಯೂಟರಿನಲ್ಲೂ ಹಾಗೇ, ಟಾಸ್ಕ್ ಮ್ಯಾನೇಜರ್ ಪಟ್ಟಿಯಲ್ಲಿ ಹೆಸರು ಇರ್ತದೆ, ಮೆಮೊರಿ ತಿಂತಾ ಇರ್ತದೆ, ಕೆಲಸ ಮಾತ್ರ ಇಲ್ಲ. ವಿಂಡೋಸ್ ಒಂದು ಮಟ್ಟಿಗೆ ಗುರುತು ಹಿಡೀತದೆ, ಸ್ಕ್ರೀನಿನ ಮೇಲಿನ ಒಂದು ಕಿಟಕಿ (ವಿಂಡೋ) 5 ಸೆಕೆಂಡ್ ತನಕ ಮೌಸು ಕೀಬೋರ್ಡಿನ ಸಂದೇಶ ತಗೊಳ್ಳದಿದ್ರೆ ಅದರ ತಲೆಯ ಮೇಲೆ ನಾಟ್ ರೆಸ್ಪಾಂಡಿಂಗ್ ಅಂತ ಬರೀತದೆ, ಆದ್ರೆ ಅದನ್ನು ಮುಚ್ಚುವ ತೀರ್ಮಾನ ನಿಮಗೇ ಬಿಡ್ತದೆ. ವಿಂಡೋಸ್ ಸರ್ವಿಸಿಗೆ, ಅಂದ್ರೆ ಹಿಂದೆ ಕೂತು ಓಡುವ ಪ್ರೋಗ್ರಾಮಿಗೆ, ತಾನಾಗಿ ರೀಸ್ಟಾರ್ಟ್ ಆಗುವ ಸೌಲಭ್ಯವೂ ಉಂಟು, ಅದು ಪ್ರೋಗ್ರಾಮ್ ಸತ್ರೆ ಮಾತ್ರ, ನಿಂತಲ್ಲೇ ನಿಂತ್ರೆ ಇಲ್ಲ.

ಹಾಗಾಗಿ ಈಗ ಒಂದು ಹಾರ್ಟ್‌ಬೀಟ್ ಲೈಬ್ರರಿ, ಅಂದ್ರೆ ಎದೆಬಡಿತದ ಹಾಗೆ ಗುರುತು ಕೊಡುವ ಕೋಡ್, ಸೇರಿಸಿದ್ದೇವೆ. ಬಿಲ್ಲಿಂಗ್ ಪ್ರೋಗ್ರಾಮ್ ಪ್ರತಿ 5 ಸೆಕೆಂಡಿಗೆ ಒಮ್ಮೆ ನಾನು ಕೆಲಸ ಮಾಡ್ತಾ ಇದ್ದೇನೆ ಅಂತ ಒಂದು ಗುರುತು (ಇದೇ ಬೀಟ್) ಇಡ್ತದೆ, ಅದೇ ಕಂಪ್ಯೂಟರಿನಲ್ಲಿ ಬೇರೆ ಕೂತಿರುವ ಒಂದು ಚಿಕ್ಕ ಕಾವಲು ಪ್ರೋಗ್ರಾಮ್ ಆ ಗುರುತನ್ನು ಮಾತ್ರ ನೋಡ್ತಾ ಇರ್ತದೆ. ರಾತ್ರಿ ಕಾವಲಿನವ ಕೋಲು ಕುಟ್ಟಿಕೊಂಡು ಬಿಲ್ಡಿಂಗ್ ಸುತ್ತುವುದನ್ನು ನಮ್ಮಲ್ಲಿ ಎಷ್ಟೋ ಜನ ಕೇಳಿ ಬೆಳೆದವರು, ಶಬ್ದ ಬರ್ತಾ ಇದ್ರೆ ನಿದ್ದೆ, ನಿಂತ್ರೆ ಎದ್ದು ಕಿಟಕಿಯಿಂದ ನೋಡುದು. ಅಷ್ಟೇ ಇದು. 20 ಸೆಕೆಂಡ್ ಶಬ್ದ ಇಲ್ಲದಿದ್ರೆ ಮೂಲೆಯಲ್ಲಿ ಹಳದಿ ಗುರುತು, 30 ಸೆಕೆಂಡ್ ಆದ್ರೆ ಮುಚ್ಚಿ ತೆರೆಯುದು.

ಇದರಲ್ಲಿ ಒಂದು ವಿಷಯಕ್ಕೆ ನಾವು ತುಂಬ ತಲೆ ಕೊಟ್ಟಿದ್ದೇವೆ, ಆ ಗುರುತನ್ನು ಇಡುವುದು ಯಾರು ಅಂತ. ಸುಲಭದ ದಾರಿ ಅಂದ್ರೆ ಪ್ರೋಗ್ರಾಮಿನ ಒಳಗೆ ಒಂದು ಬೇರೆ ಥ್ರೆಡ್ (ಜೊತೆಜೊತೆಗೆ ಓಡುವ ಇನ್ನೊಂದು ಕೆಲಸದ ಎಳೆ) ಇಟ್ಟು ಅದಕ್ಕೆ ಬೀಟ್ ಕೊಡುವ ಕೆಲಸ ಒಪ್ಪಿಸುದು, ಕೋಡ್ ನಾಲ್ಕೇ ಸಾಲು. ಆದ್ರೆ ಬಿಲ್ ಮಾಡುವ ಥ್ರೆಡ್ ಪ್ರಿಂಟರ್ ಎದುರು ಸಿಕ್ಕಿ ಬಿದ್ರೂ ಈ ಇನ್ನೊಂದು ಥ್ರೆಡ್ ಆರಾಮಾಗಿ ಬೀಟ್ ಕೊಡ್ತಾನೇ ಇರ್ತದೆ, ಕಾವಲಿನವ ಮಲಗಿದ್ದಾಗ ಬೇರೆ ಯಾರೋ ಕೋಲು ಕುಟ್ಟಿದ ಹಾಗೆ, ಪುನಃ ಅದೇ ಹಸಿರು ಚುಕ್ಕೆ. ಅದಕ್ಕೆ ನಾವು ಬೀಟನ್ನು ಕೆಲಸದ ನಡುವೆಯೇ ಇಟ್ಟಿದ್ದೇವೆ, ಆರ್ಡರ್ ತಗೊಂಡು, ಬಿಲ್ ಉಳಿಸಿ, ಪ್ರಿಂಟಿಗೆ ಕಳಿಸಿ ಒಂದು ಸುತ್ತು ಮುಗಿದ್ರೆ ಮಾತ್ರ ಬೀಟ್, ಗಿರಾಕಿ ಇಲ್ಲದ ಹೊತ್ತಿನಲ್ಲೂ ಖಾಲಿ ಸುತ್ತು ಹಾಕಿ ಬಂದೇ ಬೀಟ್ ಕೊಡ್ಬೇಕು. ದಿನದ ಕೊನೆಯ ರಿಪೋರ್ಟು, ಬ್ಯಾಕಪ್ಪು ಹಳೇ ಕಂಪ್ಯೂಟರಿನಲ್ಲಿ ತುಂಬ ಹೊತ್ತು ತಗೊಳ್ತದೆ, ಅಂಥ ಕೆಲಸಕ್ಕೆ ಇಳಿಯುವ ಮೊದಲು ನನಗೆ ಇಷ್ಟು ಹೊತ್ತು ಬೇಕು ಅಂತ ಕಾವಲು ಪ್ರೋಗ್ರಾಮಿಗೆ ಹೇಳಿ ಹೋಗ್ತದೆ, ಇಲ್ಲದಿದ್ರೆ ರಾತ್ರಿ ಹನ್ನೊಂದಕ್ಕೆ ನೀವು ಹಿಸಾಬ್ ಹಾಕುವಾಗ ನಡುವೆ ಮುಚ್ಚಿಬಿಡ್ತದೆ.

ವಾಶಿಯ ಒಂದು ಹೋಟೆಲಿನಲ್ಲಿ ಟ್ರಯಲ್ ಹಾಕಿದ್ದೆವು, ಅಲ್ಲಿ ಇನ್ನೊಂದು ಪಾಠ ಆಯ್ತು. ಮದರ್‌ಬೋರ್ಡಿನ ಬಟನ್ ಸೆಲ್ ಮುಗಿದು ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿತ್ತು, ಇಂಟರ್ನೆಟ್ ಬಂದ ಕೂಡ್ಲೇ ವಿಂಡೋಸ್ ಸಮಯ ಸರಿ ಮಾಡಿಕೊಂಡಿತು, ಗಡಿಯಾರ ಒಮ್ಮೆಲೇ ಮುಂದೆ ಹಾರಿತು, ಕಾವಲು ಪ್ರೋಗ್ರಾಮಿಗೆ ಗಂಟೆಗಟ್ಟಲೆ ಬೀಟೇ ಬಂದಿಲ್ಲ ಅಂತ ಕಂಡಿತು, ಚಂದ ನಡೀತಾ ಇದ್ದ ಬಿಲ್ಲಿಂಗನ್ನು ಊಟದ ಹೊತ್ತಿಗೆ ಮುಚ್ಚಿತು. ಆ ಮೇಲೆ ಗಡಿಯಾರ ನೋಡುವುದನ್ನೇ ಬಿಟ್ಟು, ಕಂಪ್ಯೂಟರ್ ಆನ್ ಆದಲ್ಲಿಂದ ಓಡುವ ಎಣಿಕೆಯನ್ನು ಹಿಡಿದೆವು. ಅದರಲ್ಲೂ ವಿಂಡೋಸಿನ ಹಳೇ 32 ಬಿಟ್ ಎಣಿಕೆ 49.7 ದಿನಕ್ಕೆ ತುಂಬಿ ಸೊನ್ನೆಗೆ ಬರ್ತದೆ, ನಿಮ್ಮಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಕಂಪ್ಯೂಟರ್ ಆಫ್ ಮಾಡುವವರಲ್ಲ ಅಂತ ನಮಗೆ ಗೊತ್ತುಂಟು, ಹಾಗಾಗಿ 64 ಬಿಟ್ ಎಣಿಕೆ ಹಾಕಿದ್ದೇವೆ. ಆ ಹೋಟೆಲಿನವರು ತಾಳ್ಮೆಯಿಂದ ಟ್ರಯಲ್ ಮುಂದುವರಿಸ್ಲಿಕ್ಕೆ ಬಿಟ್ಟದ್ದಕ್ಕೆ ನಿಮಗೆಲ್ಲ ಈಗ ಪಕ್ಕಾ ಆದದ್ದು ಸಿಗ್ತಾ ಉಂಟು.

ಎಲ್ಲರೂ ಕೇಳುವ ಪ್ರಶ್ನೆ, ಮಧ್ಯದಲ್ಲಿ ಮುಚ್ಚಿದ್ರೆ ನಮ್ಮ ಬಿಲ್ ಏನಾಗ್ತದೆ. ಬಿಲ್ ಡೇಟಾಬೇಸಿಗೆ ಹೋಗುದು ಪೂರ್ತಿಯಾಗಿ, ಇಲ್ಲಾಂದ್ರೆ ಹೋಗುದೇ ಇಲ್ಲ, ಅರ್ಧ ಬಿಲ್ ಅಂತ ಉಳಿಯುದಿಲ್ಲ. ತೆರೆದಿಟ್ಟ ಟೇಬಲ್ಲುಗಳ ಆರ್ಡರ್ ಹಾಗೇ ಇರ್ತದೆ, ಒಳಗೆ ಹೋದ ಕೆಓಟಿ ಎರಡನೇ ಸಲ ಹೋಗುದಿಲ್ಲ. ಬಿಲ್ ನಂಬರ್ ವಿಷಯದಲ್ಲಿ ಒಂದು ಬದಲಾವಣೆ ಮಾಡಿದ್ದೇವೆ: ಜಿಎಸ್‌ಟಿಯ 46ನೇ ನಿಯಮದ ಪ್ರಕಾರ ನಂಬರ್ ಸಾಲಾಗಿ ಇರ್ಬೇಕು, 16 ಅಕ್ಷರ ದಾಟ್ಬಾರ್ದು, ಒಂದು ಹಣಕಾಸು ವರ್ಷದಲ್ಲಿ ಎರಡು ಸಲ ಬರ್ಬಾರ್ದು. ಮೊದಲು ಪ್ರಿಂಟ್ ಬಟನ್ ಒತ್ತಿದ ಕೂಡ್ಲೇ ನಂಬರ್ ಹೋಗ್ತಿತ್ತು, ಇನ್ನು ಬಿಲ್ ಉಳಿದ ಮೇಲೆಯೇ ನಂಬರ್, ಹಾಗಾಗಿ ರೀಸ್ಟಾರ್ಟ್ ಆದ್ರೂ ನಡುವೆ ನಂಬರ್ ತಪ್ಪುದಿಲ್ಲ, ನಿಮ್ಮ ಸಿಎ ಕೇಳಿದ್ರೆ ಇಷ್ಟು ಹೇಳಿ ಸಾಕು. ತೆರೆದ ಕೂಡ್ಲೇ ಕೊನೆಯ ಬಿಲ್ ಪ್ರಿಂಟ್ ಬಂತಾ ಅಂತ ಕೇಳ್ತದೆ, ಇಲ್ಲ ಅಂದ್ರೆ ಡುಪ್ಲಿಕೇಟ್ ಅಂತ ತಲೆಬರಹ ಹಾಕಿ ಪುನಃ ಕೊಡ್ತದೆ.

ಯುಪಿಐ ಮಾತ್ರ ನೀವೇ ನೋಡ್ಕೊಳ್ಬೇಕು. ಗಿರಾಕಿ ಸ್ಕ್ಯಾನ್ ಮಾಡಿ ಹಣ ಹೋಗಿದೆ, ಅಷ್ಟರಲ್ಲಿ ಸ್ಕ್ರೀನ್ ಮುಚ್ಚಿ ತೆರೆಯಿತು ಅಂತಾದ್ರೆ ದಯವಿಟ್ಟು ಎರಡನೇ ಸಲ ಹಣ ಕೇಳ್ಬೇಡಿ, ಅವರ ಫೋನಿನಲ್ಲಿರುವ 12 ಅಂಕೆಯ ರೆಫರೆನ್ಸ್ ನಂಬರ್ ನಿಮ್ಮ ಮರ್ಚಂಟ್ ಆ್ಯಪಿನಲ್ಲಿ ಬಂದಿದ್ಯಾ ನೋಡಿ, ಬಂದಿದ್ರೆ ಆ ಬಿಲ್ ಪೇಯ್ಡ್ ಅಂತ ಮಾಡಿ.

ಮುಚ್ಚಿ ತೆರೆದ್ರೆ ಕಾಯಿಲೆ ವಾಸಿ ಆಯ್ತು ಅಂತ ನಾವು ತಿಳ್ಕೊಂಡಿಲ್ಲ. 1997ರ ಜುಲೈಯಲ್ಲಿ ನಾಸಾದ ಪಾತ್‌ಫೈಂಡರ್ ನೌಕೆ ಮಂಗಳ ಗ್ರಹದಲ್ಲಿ ಇಳಿದು ಸ್ವಲ್ಪ ದಿನಕ್ಕೆ ಅದರ ಕಂಪ್ಯೂಟರ್ ಪುನಃ ಪುನಃ ರೀಸೆಟ್ ಆಗ್ತಿತ್ತು, ದೊಡ್ಡ ಕೆಲಸವೊಂದು ಚಿಕ್ಕ ಕೆಲಸದ ಕೈಯಲ್ಲಿದ್ದ ಬೀಗಕ್ಕೆ ಕಾದು ನಿಲ್ತಿತ್ತು, ಹೊತ್ತಿಗೆ ಮುಗಿದಿಲ್ಲ ಅಂತ ಕಾವಲು ವ್ಯವಸ್ಥೆ ರೀಸೆಟ್ ಮಾಡ್ತಿತ್ತು. ಅಷ್ಟಕ್ಕೇ ಬಿಡ್ಲಿಲ್ಲ ಅವರು, ಭೂಮಿಯಲ್ಲಿದ್ದ ಜೋಡಿ ಯಂತ್ರದಲ್ಲಿ ಅದೇ ತೊಂದ್ರೆ ಬರುವ ತನಕ ಓಡಿಸಿ ಕಾರಣ ಹಿಡಿದು, ಸರಿ ಮಾಡಿದ್ದನ್ನು ಮಂಗಳಕ್ಕೆ ಕಳಿಸಿದ್ರು. ನಮ್ಮದು ಕೌಂಟರಿನ ಕಂಪ್ಯೂಟರ್, ಆದ್ರೂ ಕ್ರಮ ಅದೇ ಬೇಕು. ಅದಕ್ಕೆ ಮುಚ್ಚುವ ಮೊದಲು ಪ್ರೋಗ್ರಾಮ್ ಯಾವ ಸಾಲಿನಲ್ಲಿ ನಿಂತಿತ್ತು ಅಂತ ಒಂದು ಫೈಲ್ ಉಳಿಸ್ತದೆ. ಆ ಫೈಲಿನಲ್ಲಿ ಆ ಹೊತ್ತಿನ ಬಿಲ್ಲಿನ ವಿವರವೂ ಇರಬಹುದು, ಹಾಗಾಗಿ ಅದು ನಿಮ್ಮ ಕಂಪ್ಯೂಟರಿನಲ್ಲೇ ಇರ್ತದೆ, ನಿಮ್ಮನ್ನು ಕೇಳಿ ನೀವು ಹೂಂ ಅಂದ ಮೇಲೆಯೇ ನಾವು ತರಿಸಿಕೊಳ್ಳುದು. 10 ನಿಮಿಷದಲ್ಲಿ 3 ಸಲ ರೀಸ್ಟಾರ್ಟ್ ಆದ್ರೆ ನಾಲ್ಕನೇ ಸಲ ಆಗುದಿಲ್ಲ, ಕೆಂಪು ಗುರುತು ಬಂದು ನಿಲ್ತದೆ, ಆಗ ನಾವೇ ಫೋನ್ ಮಾಡ್ತೇವೆ.

ನಮ್ಮ ಆಫೀಸಿಗೆ ನಿಮಿಷಕ್ಕೊಮ್ಮೆ ಬರುದು ಮೂರೇ ವಿಷಯ, ನಿಮ್ಮ ಅಂಗಡಿಯ ನಂಬರ್, ಪ್ರೋಗ್ರಾಮಿನ ವರ್ಷನ್, ಕೊನೆಯ ಬೀಟ್ ಎಷ್ಟು ಹೊತ್ತಿನ ಹಿಂದೆ ಅನ್ನುದು. ವ್ಯಾಪಾರದ ಮೊತ್ತ ಬರುದಿಲ್ಲ. ಇಂಟರ್ನೆಟ್ ಇಲ್ಲದಿದ್ರೂ ಕಾವಲು ನಿಮ್ಮಲ್ಲೇ ಇರುದ್ರಿಂದ ಅದರ ಕೆಲಸ ನಡೀತದೆ. ಆದ್ರೆ ನೆಟ್ ಹೋದದ್ದೋ, ಕರೆಂಟ್ ಹೋದದ್ದೋ, ಕಂಪ್ಯೂಟರೇ ಕೆಟ್ಟದ್ದೋ ಇಲ್ಲಿಂದ ನೋಡಿದ್ರೆ ಮೂರೂ ಒಂದೇ ಥರ ಕಾಣ್ತದೆ, ಹಾಗಾಗಿ ಬೀಟ್ ನಿಂತ್ರೆ ನಾವು ಮೊದಲು ನಿಮ್ಮನ್ನು ಕೇಳ್ತೇವೆ, ನೀವು ಹೇಳಿದ್ದನ್ನು ಪ್ಯಾನೆಲಿಗಿಂತ ಮೊದಲು ನಂಬ್ತೇವೆ.

ಇದಕ್ಕೆ ಬೇರೆ ಚಾರ್ಜ್ ಇಲ್ಲ. ಸೋಮವಾರ ಡೊಂಬಿವಲಿ, ಕಲ್ಯಾಣ್, ಮಂಗಳವಾರ ಥಾಣೆ, ಮುಲುಂಡ್, ಬುಧವಾರ ಮಾಟುಂಗ, ವಾಶಿ. ನಿಮ್ಮ ದಿನ ಶಟರ್ ಎಳೆದು ಹೋಗುವಾಗ ಕಂಪ್ಯೂಟರ್ ಆನ್ ಇಟ್ಟು ಹೋಗಿ. ಮರುದಿನ ಬೆಳಿಗ್ಗೆ ಕೆಳಗೆ ಬಲಮೂಲೆಯಲ್ಲಿ ಹಸಿರು ಹೃದಯದ ಗುರುತು ಕಾಣ್ಬೇಕು, ಕಾಣದಿದ್ರೆ ಇಡ್ಲಿ ಇಳಿಸುವ ಮೊದಲೇ ಒಂದು ಫೋನ್ ಮಾಡಿ, ಆ ಮೂರು ದಿನ ನಾವು ಬೆಳಿಗ್ಗೆ ಐದರಿಂದ ಆಫೀಸಿನಲ್ಲಿ ಇರ್ತೇವೆ. ಆ್ಯಂಟಿವೈರಸ್ ಹೊಸ ಪ್ರೋಗ್ರಾಮ್ ಬಂದಿದೆ ಬಿಡ್ಲಾ ಅಂತ ಕೇಳಿದ್ರೆ ಬಿಡಿ ಅಂತ ಹೇಳಿ. ಮತ್ತೆ ಹಳದಿ ಗುರುತು ಕಂಡಾಗ ಪವರ್ ವೈರ್ ಎಳೀಬೇಡಿ, ಹತ್ತು ಸೆಕೆಂಡ್ ಬಿಡಿ.

ನಿಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿನವರು,
ಡೊಂಬಿವಲಿ