ಹಮೀದರ ಜೀಪು ನಿಂತಲ್ಲಿ ನಿಲ್ಲಲಿಲ್ಲ

ಮಾನ್ಯ ಸಂಪಾದಕರೇ,

ಪರಮವೀರ ಚಕ್ರ ಪಡೆದ ಹವಾಲ್ದಾರ್ ಅಬ್ದುಲ್ ಹಮೀದರ ಸ್ಮರಣೆ ಪ್ರತಿ ಸೆಪ್ಟೆಂಬರ್ 10ರಂದು ನಡೆಯುತ್ತದೆಯಾದರೂ, ಅವರು ಉರುಳಿಸಿದ ಟ್ಯಾಂಕುಗಳು ಎಷ್ಟು ಎಂಬ ಲೆಕ್ಕಾಚಾರದಲ್ಲೇ ನಮ್ಮ ಭಾಷಣಗಳು ಮುಗಿದುಹೋಗುತ್ತವೆ. ಉತ್ತರ ಪ್ರದೇಶದ ಗಾಜಿಪುರ ಜಿಲ್ಲೆಯ ಧಾಮುಪುರದವರಾದ ಅವರು ಕಂಪನಿಯ ಕ್ವಾರ್ಟರ್‌ಮಾಸ್ಟರ್ ಹವಾಲ್ದಾರ್ ಆಗಿದ್ದರು. ಅಂದರೆ ಸರಂಜಾಮು, ಉಗ್ರಾಣಗಳ ಹೊಣೆ ಹೊತ್ತವರು. 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ಪಂಜಾಬಿನ ಖೇಮ್‌ಕರಣ್ ವಲಯಕ್ಕೆ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿದಾಗ, 4ನೇ ಗ್ರೆನೇಡಿಯರ್ಸ್ ಪಡೆಯ ಈ ಯೋಧನ ಕೈಯಲ್ಲಿದ್ದದ್ದು ತೆರೆದ ಜೀಪಿನ ಮೇಲೆ ಕೂರಿಸಿದ 106 ಮಿ.ಮೀ. ರಿಕಾಯ್ಲ್‌ಲೆಸ್ ಗನ್ (ಹಿಂದಕ್ಕೆ ಒದೆಯದ, ಟ್ಯಾಂಕ್ ಹೊಡೆಯುವ ತೋಪು) ಮಾತ್ರ. ಗುಂಡು ಹಾರುತ್ತಿದ್ದಂತೆ ಈ ಗನ್ನಿನ ಹಿಂಬದಿಯಿಂದ ಬೆಂಕಿ, ಹೊಗೆ, ಧೂಳು ಒಟ್ಟಿಗೆ ಭುಗಿಲೆದ್ದು ಜೀಪು ಅಡಗಿರುವ ಜಾಗವನ್ನು ಶತ್ರುವಿಗೆ ತೋರಿಸಿಕೊಡುವುದರಿಂದ, ಹೊಡೆದ ಕೂಡಲೇ ಜಾಗ ಬದಲಿಸಬೇಕು. ಹಮೀದರು ಕಬ್ಬಿನ ಗದ್ದೆಗಳ ನಡುವೆ ಮತ್ತೆ ಮತ್ತೆ ಮಾಡಿದ್ದು ಇದನ್ನೇ; ಕೊನೆಗೆ ಟ್ಯಾಂಕಿನ ಗುಂಡಿಗೇ ಬಲಿಯಾದರು.

ನನ್ನ ಮಟ್ಟಿಗೆ ಅಂಕಿಗಿಂತ ಈ ಕಸುಬುಗಾರಿಕೆಯೇ ದೊಡ್ಡದು. ಶಾಲೆಗಳ ಸ್ಮರಣಾ ಕಾರ್ಯಕ್ರಮಗಳಲ್ಲಿ ಹಾರ ಹಾಕುವುದರ ಜೊತೆಗೆ ಕರಿಹಲಗೆಯ ಮೇಲೊಂದು ನಕ್ಷೆ ಬಿಡಿಸಿ ಆ ಕಾಳಗವನ್ನು ವಿವರಿಸಬೇಕೆಂದು ಶಿಕ್ಷಕರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ಶಿಕ್ಷಕ, ಹಾಸನ