ಎಕ್ಸ್‌ರೇ ಕಲಿಯುವವರಿಗೂ ಬ್ಯಾಡ್ಜ್ ಬೇಕು

ಮಾನ್ಯರೇ,

ನೀಟ್‌ನಲ್ಲಿ ಸೀಟು ಸಿಗದವರು ಈಗ ಅರೆವೈದ್ಯಕೀಯ ಕೋರ್ಸ್‌ಗಳತ್ತ ನೋಡುತ್ತಿದ್ದಾರೆ. ಎಕ್ಸ್‌ರೇ, ಸ್ಕ್ಯಾನ್ ತೆಗೆಯುವ ರೇಡಿಯಾಗ್ರಫರ್ ಆಗಲು ರಾಜ್ಯದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ: ಅರೆವೈದ್ಯಕೀಯ ಮಂಡಳಿಯ ಡಿಪ್ಲೊಮಾ, ಇಲ್ಲವೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್. ಪೋಷಕರು ಶುಲ್ಕ ಎಷ್ಟೆಂದು ಕೇಳುತ್ತಾರೆ, ಹಾಸ್ಟೆಲ್ ನೋಡುತ್ತಾರೆ. ಕಾಲೇಜಿಗೆ ಸ್ವಂತ ಆಸ್ಪತ್ರೆ ಇದೆಯೇ, ಸಿ.ಟಿ. ಸ್ಕ್ಯಾನ್ ಯಂತ್ರದ ಮುಂದೆ ವಿದ್ಯಾರ್ಥಿಯನ್ನು ನಿಲ್ಲಿಸುತ್ತಾರೆಯೇ ಎಂದು ಕೇಳುವವರು ಕಡಿಮೆ. ಸೊಂಟ ಮುರಿದ ಅಜ್ಜಿಯನ್ನು ನೋವಾಗದಂತೆ ಟೇಬಲ್ ಮೇಲೆ ಮಲಗಿಸಿ, ಮೊದಲ ಸಲವೇ ಸರಿಯಾದ ಫಿಲ್ಮ್ ತೆಗೆಯುವುದನ್ನು ಗೈಡ್ ಓದಿ ಕಲಿಯಲಾಗದು. ಫಿಲ್ಮ್ ಕೆಟ್ಟರೆ ರೋಗಿಗೆ ಮತ್ತೊಮ್ಮೆ ವಿಕಿರಣ.

ಸುರಕ್ಷತೆಯ ಮಾತು ಇನ್ನೂ ಗಂಭೀರ. 2004ರ ವಿಕಿರಣ ರಕ್ಷಣೆ ನಿಯಮಗಳ ಪ್ರಕಾರ 16 ವರ್ಷ ತುಂಬದವರನ್ನು ತರಬೇತಿಗೂ, 18 ತುಂಬದವರನ್ನು ಕೆಲಸಕ್ಕೂ ವಿಕಿರಣದ ಬಳಿ ಸೇರಿಸಿಕೊಳ್ಳುವಂತಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಸಿ ನೇರವಾಗಿ ಡಿಪ್ಲೊಮಾ ಸೇರುವ ಮಕ್ಕಳ ವಯಸ್ಸನ್ನು ಯಾರು ಲೆಕ್ಕ ಹಾಕುತ್ತಾರೆ? ದೇಹಕ್ಕೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಬ್ಬಂದಿಯ ಎದೆಯ ಮೇಲಿರುತ್ತದೆ. ಪಕ್ಕದಲ್ಲೇ ನಿಂತು ಕಲಿಯುವ ಹುಡುಗನಿಗೆ ಅದು ಸಿಗದಿದ್ದರೆ ಅವನ ಲೆಕ್ಕ ಎಲ್ಲೂ ದಾಖಲಾಗುವುದಿಲ್ಲ.

ಅರೆವೈದ್ಯಕೀಯ ವೃತ್ತಿಗಳಿಗಾಗಿ 2021ರಲ್ಲೇ ಕೇಂದ್ರದ ಕಾಯ್ದೆ ಬಂದಿದೆ. ಕಾಲೇಜುಗಳ ತಪಾಸಣೆಗೆ ಹೋಗುವವರು ಕಟ್ಟಡದ ಚದರಡಿ ಅಳೆಯುವ ಮೊದಲು ವಿದ್ಯಾರ್ಥಿಗಳ ಬ್ಯಾಡ್ಜ್ ದಾಖಲೆ ಕೇಳಲಿ.

– ನಿವೃತ್ತ ಎಕ್ಸ್‌ರೇ ತಂತ್ರಜ್ಞ, ದಾವಣಗೆರೆ