ಮಗಳಿಗೊಂದು ಪತ್ರ: ಭೈರವಿ ರಾಗವನ್ನು ಅವಸರದಲ್ಲಿ ಓಡಿಸಬೇಡ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಅಡಿಕೆ ಕೊನೆ ಕೊಯ್ಲು ಶುರುವಾಗಿದೆ. ರಾತ್ರಿ ಹತ್ತೂವರೆ ಆಯಿತು, ಅಂಗಳದಲ್ಲಿ ಇನ್ನೂ ಅಡಿಕೆ ಸುಲಿಯುತ್ತಿದ್ದಾರೆ. ಅಮ್ಮ ಹಂಡೆಯ ಒಲೆಗೆ ಸೌದೆ ಹಾಕಲು ಹೋಗಿದ್ದಾಳೆ. ನಾನು ಜಗುಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಿನ್ನೆ ಫೋನಿನಲ್ಲಿ ನೀನು, "ಸಿಂಹನಂದನ ತಾಳದ ತಿಲ್ಲಾನ ಕೇಳಿದೆ ಅಪ್ಪಾ, ನಾನು ಇಷ್ಟು ವರ್ಷ ಕಲಿತಿದ್ದು ಏನೇನೂ ಅಲ್ಲ ಅನ್ನಿಸ್ತು" ಅಂದೆ. ಆಗ ನನಗೆ ಮಾತು ಸಿಗಲಿಲ್ಲ. ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು.

ಲಯವೇ ಮುಂದೆ ನಿಲ್ಲುವ ಹಾಡು ತಿಲ್ಲಾನ, ಅದರಲ್ಲೂ ಇದು ನಿಜಕ್ಕೂ ದೊಡ್ಡದು. ಮಹಾ ವೈದ್ಯನಾಥ ಅಯ್ಯರ್ ಕಾನಡ ರಾಗದಲ್ಲಿ ಕಟ್ಟಿದ್ದು. 72 ಮೇಳಕರ್ತ ರಾಗಗಳನ್ನು, ಅಂದರೆ ತಾಯಿ ರಾಗಗಳನ್ನು, ಒಂದೇ ಮಾಲೆಯಾಗಿ ಪೋಣಿಸಿದವರೂ ಅವರೇ. ಸಿಂಹನಂದನದ ಒಂದು ಆವರ್ತಕ್ಕೆ, ತಾಳದ ಒಂದು ಸುತ್ತಿಗೆ, 128 ಅಕ್ಷರ, ಅಷ್ಟು ಎಣಿಕೆ. ಅಂದರೆ ನೀನು ದಿನಾ ಹಾಕುವ ಆದಿತಾಳ 16 ಸಲ ತಿರುಗಿದಷ್ಟು ಉದ್ದ. ಅಷ್ಟು ಹೊತ್ತು ಲೆಕ್ಕ ಕೈಯಲ್ಲಿ, ರಾಗ ಗಂಟಲಲ್ಲಿ. ಕೇಳಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

ಆದರೂ ಪುಟ್ಟಿ, ಲೆಕ್ಕದ ಕಷ್ಟ ಬರೆದಿಟ್ಟುಕೊಂಡು ಕಲಿಯುವಂಥದ್ದು. ಇವತ್ತು ತಪ್ಪಿದ್ದು ತಿಂಗಳು ಬಿಟ್ಟು ಸರಿಯಾಗುತ್ತದೆ. ನಿನಗೆ ನಿಜವಾಗಿ ಕಷ್ಟವಾಗಬೇಕಾದ ಹಾಡು ನಿನ್ನ ಪುಸ್ತಕದಲ್ಲಿ ಆಗಲೇ ಇದೆ. ಅದನ್ನು ನೀನು 'ಆಯಿತು' ಎಂದು ಪಕ್ಕಕ್ಕಿಟ್ಟಿದ್ದೀಯ. ಸಂಗೀತ ತ್ರಿಮೂರ್ತಿಗಳಲ್ಲಿ ಒಬ್ಬರಾದ ಶ್ಯಾಮಾ ಶಾಸ್ತ್ರಿಗಳ ಭೈರವಿ ಸ್ವರಜತಿ, ಸ್ವರ ಹಾಡಿ ಅದೇ ಧಾಟಿಗೆ ಸಾಹಿತ್ಯ ಹಾಡುವ ರಚನೆ.

ಅದಕ್ಕಿಂತ ಮೊದಲು ವಿರಿಬೋಣಿಯ ಮಾತು, ಕಚೇರಿಯ ಶುರುವಿಗೆ ಹಾಡುವ ಆ ಭೈರವಿ ವರ್ಣದ್ದು. ನಮ್ಮನೆ ಹಿಂದಿನ ಕೋಣೆಯಲ್ಲಿ ಕೂತು ಅದನ್ನು ಕಲಿಯುವಾಗ ನೀನು ಅತ್ತಿದ್ದು ನೆನಪಿದೆಯಾ? ಅಟತಾಳದ 14 ಅಕ್ಷರ, ಐದು, ಐದು, ಎರಡು, ಎರಡು. ಎರಡನೇ ಕಾಲಕ್ಕೆ, ಎರಡು ಪಟ್ಟು ವೇಗಕ್ಕೆ, ಬಂದರೆ ಬೆರಳೇ ಓಡುತ್ತಿರಲಿಲ್ಲ. ಆ ವರ್ಣ ಮಾಡಿದ ಪಚ್ಚಿಮಿರಿಯಂ ಆದಿಯಪ್ಪಯ್ಯನವರ ಹತ್ತಿರವೇ ಶ್ಯಾಮಾ ಶಾಸ್ತ್ರಿಗಳು ಕಲಿತದ್ದು. ಗುರುವಿನ ಭೈರವಿ ವರ್ಣವಾಯಿತು, ಶಿಷ್ಯನ ಭೈರವಿ ಸ್ವರಜತಿಯಾಯಿತು. ಒಂದೇ ರಾಗ. ಅಲ್ಲಿ ತುಂಬಿ ಹರಿಯುತ್ತದೆ, ಇಲ್ಲಿ ನಿಂತು ನಿಂತು ಹೋಗುತ್ತದೆ. ಎರಡನ್ನೂ ಒಂದಾದ ಮೇಲೊಂದು ಹಾಡಿ ನೋಡು, ನಿನಗೇ ಗೊತ್ತಾಗುತ್ತದೆ.

ಸ್ವರಜತಿ ಮೊದಲು ನೃತ್ಯದ ಜೊತೆ ಇದ್ದದ್ದು. ಅದನ್ನು ಕೂತು ಹಾಡುವ, ಕೂತು ಕೇಳುವ ಹಾಡಾಗಿ ಮಾಡಿದವರು ಶಾಸ್ತ್ರಿಗಳು. ಭೈರವಿ, ಯದುಕುಲಕಾಂಬೋಧಿ, ತೋಡಿ, ಮೂರು ಮಾಡಿದರು, ಮೂರೂ ಉಳಿದವು. ಭೈರವಿಯದರಲ್ಲಿ ಎಂಟು ಚರಣ. ಮೊದಲನೆಯದು ಷಡ್ಜದಿಂದ ಎದ್ದರೆ ಎರಡನೆಯದು ರಿಷಭದಿಂದ, ಮೂರನೆಯದು ಗಾಂಧಾರದಿಂದ. ಹಾಗೇ ಒಂದೊಂದೇ ಸ್ವರ ಏರುತ್ತ ಎಂಟನೆಯದು ತಾರ ಷಡ್ಜಕ್ಕೆ, ಮೇಲಿನ 'ಸ'ಕ್ಕೆ, ಮುಟ್ಟುತ್ತದೆ. ಬೆಳಿಗ್ಗೆ ನಮ್ಮ ತೋಟದಲ್ಲಿ ಕೊನೆಗಾರ ಮರ ಹತ್ತುವುದನ್ನು ನೋಡುತ್ತ ನನಗೆ ಇದೇ ನೆನಪಾಯಿತು. ಒಂದು ಹಿಡಿತ ಗಟ್ಟಿಯಾದ ಮೇಲೇ ಅವನು ಕಾಲು ಮೇಲೆ ತರುತ್ತಾನೆ. ಗಾಳಿಗೆ ಮರ ತೂಗುತ್ತಿದ್ದರೂ ಅವಸರವಿಲ್ಲ.

ಅವಸರದ ಫಲ ನನಗೆ ಗೊತ್ತು. ನೀನು ಇದನ್ನು ಕೇಳಿಲ್ಲ. ಶಿವಮೊಗ್ಗದಲ್ಲಿ ಕಾಲೇಜಿಗೆ ಹೋಗುವಾಗ ಐದು ವರ್ಷ ಮೃದಂಗ ಕಲಿತೆನಲ್ಲ, ಆಗ ಒಂದು ಮನೆಯಲ್ಲಿ ನವರಾತ್ರಿಗೆ ಹಿರಿಯರೊಬ್ಬರು ಇದೇ ಸ್ವರಜತಿ ಹಾಡಿದರು. ನುಡಿಸಿದ್ದು ನಾನು. ಮಿಶ್ರಛಾಪು, ಮೂರು ಮತ್ತು ನಾಲ್ಕು, ಏಳೇ ಅಕ್ಷರ. ಸುಲಭ ಅಂದುಕೊಂಡೆ. ಸ್ವರಗಳ ನಡುವೆ ಅವರು ಬಿಟ್ಟ ಜಾಗ ನನಗೆ ಖಾಲಿ ಅನ್ನಿಸಿತು, ತುಂಬಿಸಿದೆ. ನಾಲ್ಕನೇ ಚರಣಕ್ಕೆ ಕಾಲ ಓಡತೊಡಗಿತು. ಏಳನೆಯದಕ್ಕೆ ಬರುವಷ್ಟರಲ್ಲಿ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಆ ಕೊನೆಯ ತಾರ ಷಡ್ಜ ಒಡೆಯಿತು. ಮುಗಿದ ಮೇಲೆ ಅವರು ಸಿಟ್ಟು ಮಾಡಲಿಲ್ಲ. "ಎಲ್ಲಿಗೆ ಹೋಗಬೇಕಿತ್ತು ತಮ್ಮಾ?" ಎಂದರು, ಅಷ್ಟೇ. ಇವತ್ತಿಗೂ ಮಿಶ್ರಛಾಪು ಕೇಳಿದರೆ ಆ ಮಾತು ಕಿವಿಯಲ್ಲಿರುತ್ತದೆ.

ಅದಕ್ಕೇ ಹೇಳುತ್ತೇನೆ, ಅಲ್ಲಿ ಅಡಗಿಕೊಳ್ಳಲು ಏನೂ ಇಲ್ಲ. ಭೈರವಿಯಲ್ಲಿ ಏರುವಾಗ ಚತುಶ್ರುತಿ ಧೈವತ, ಅಂದರೆ ಎತ್ತರದ 'ದ'; ಇಳಿಯುವಾಗ ಶುದ್ಧ ಧೈವತ, ಅಂದರೆ ತಗ್ಗಿನ 'ದ'. ವೇಗವಾಗಿ ಹಾಡಿದರೆ ಎರಡರ ನಡುವಿನ ತಪ್ಪು ಜಾರಿಹೋಗುತ್ತದೆ, ಕೇಳುವವರಿಗೂ ಗೊತ್ತಾಗುವುದಿಲ್ಲ. ನಿಧಾನಕ್ಕೆ ಹಾಡಿದರೆ ಕೂದಲೆಳೆಯಷ್ಟು ತಪ್ಪೂ ಎದ್ದು ಕೂರುತ್ತದೆ. ಸ್ವರವನ್ನು ತೂಗಿಸುವ ಗಮಕ ಜಾಸ್ತಿಯಾದರೂ ಕಷ್ಟ, ಕಡಿಮೆಯಾದರೂ ಕಷ್ಟ.

ಒಂದೇ ಸಾಲನ್ನು ತಾಳದ ಲೆಕ್ಕದಲ್ಲಿ ಬೆಳೆಸುವ ಪಲ್ಲವಿ ಬೇಡ, ತಿಲ್ಲಾನ ಬೇಡ ಎನ್ನುತ್ತಿಲ್ಲ. ಖಂಡಿತ ಕಲಿ. ಹೆಂಗಸರು ಕಚೇರಿಯಲ್ಲಿ ರಾಗ ತಾನ ಪಲ್ಲವಿ ಹಾಡುವ ರೂಢಿಯೇ ಇಲ್ಲದ ಕಾಲದಲ್ಲಿ ಗಾಯಕಿ ಡಿ.ಕೆ. ಪಟ್ಟಮ್ಮಾಳ್ ಅದನ್ನು ಹಾಡಿದರು. ಗುರುಕುಲದಲ್ಲಿ ಕೂತು ಕಲಿತವರಲ್ಲ. ಕಾಂಚೀಪುರದಲ್ಲಿ ಗಾಯಕ ನೈನಾ ಪಿಳ್ಳೈಯವರ ಕಚೇರಿಗಳನ್ನು ಕೇಳಿ ಕೇಳಿ ಬೆಳೆದವರು. ಆಮೇಲೆ ಜನ ಅವರನ್ನು 'ಪಲ್ಲವಿ ಪಟ್ಟಮ್ಮಾಳ್' ಎಂದೇ ಕರೆದರು. ಆದರೆ ಅವರ ನಿಧಾನದ ಕೃತಿಗಳನ್ನೂ ಕೇಳು. ಆ ಲೆಕ್ಕದ ಧೈರ್ಯ ಎಲ್ಲಿಂದ ಬಂತೆಂದು ನನಗೆ ಅಲ್ಲೇ ಅರ್ಥವಾದದ್ದು. ನಮ್ಮ ರುದ್ರಪಟ್ಟಣದ ಗಾಯಕ ಆರ್.ಕೆ. ಶ್ರೀಕಂಠನ್ ಕೂಡ ಹಾಗೇ. 1920ರಲ್ಲಿ ಹುಟ್ಟಿದವರು, ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದರು. ಒಂದು ಅಕ್ಷರ ನುಂಗುತ್ತಿರಲಿಲ್ಲ. ನೀನು ತೆಲುಗು ಸಾಹಿತ್ಯವನ್ನು ಅರ್ಥ ಕೇಳದೆ ಬಾಯಿಪಾಠ ಮಾಡುತ್ತೀಯಲ್ಲ, ಅದೊಂದು ಬಿಡು. ಶಾಸ್ತ್ರಿಗಳು ತಂಜಾವೂರಿನ ಬಂಗಾರು ಕಾಮಾಕ್ಷಿಯ ಪೂಜೆ ಮಾಡುತ್ತಿದ್ದವರು. ಎದುರಿಗೆ ನಿಂತ ತಾಯಿಯನ್ನು ಕರೆದ ಮಾತು ಅದು. ಯಾರನ್ನು ಕರೆಯುತ್ತಿದ್ದೇನೆ ಎಂದು ಗೊತ್ತಿಲ್ಲದೆ ಕರೆದರೆ ಹೇಗೆ?

ದೀಪೋತ್ಸವಕ್ಕೆ ನಮ್ಮೂರ ದೇವಸ್ಥಾನದಲ್ಲಿ ನಿನ್ನ ಹಾಡು ಇಡುತ್ತಾರಂತೆ. ಒಂದು ಗಂಟೆ ಸಿಗುತ್ತದೆ. ನೀನು ಏನಾದರೂ ದೊಡ್ಡದು ಹಾಡಬೇಕೆಂದು ಯೋಚಿಸುತ್ತಿರುವೆ ಎಂದು ಅಮ್ಮ ಹೇಳಿದಳು. ನನಗೆ ಸ್ವರಜತಿ ಬೇಕು. ಎಂಟೂ ಚರಣ, ಯಾವುದನ್ನೂ ಬಿಡದೆ. ನಿಧಾನಕ್ಕೆ.

ನೀನು ಬರುವ ಹೊತ್ತಿಗೆ ಅಂಗಳದ ತುಂಬ ಅಡಿಕೆ ಹರಡಿರುತ್ತದೆ, ಕೂರಲು ಜಾಗ ಇರುವುದು ಜಗುಲಿಯಲ್ಲೇ. ನಿನ್ನ ಶ್ರುತಿಪೆಟ್ಟಿಗೆ ತಾ, ಇಲ್ಲಿಯದು ಈ ಮಳೆಗಾಲದಲ್ಲಿ ಹಾಳಾಯಿತು. ಮೃದಂಗಕ್ಕೆ ಹೊಸ ಮುಚ್ಚಿಗೆ ಹಾಕಿಸಿದ್ದೇನೆ. ಹಿಂದಿನ ದಿನ ಒಂದು ಸಲ ಹಾಡು, ನಾನು ನುಡಿಸುತ್ತೇನೆ. ನೀನು ಬಿಟ್ಟ ಜಾಗವನ್ನು ಈ ಸಲ ಹಾಗೇ ಬಿಡುತ್ತೇನೆ.

ನಿನ್ನ,
ಅಪ್ಪ